ನೀರು ಕುಡಿಯುವ ಕಂಪ್ಯೂಟರು

ನಮ್ಮ ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗವನ್ನು ಪೇರಳೆ ಮರಕ್ಕೆ ಸುತ್ತಿರುವಲ್ಲಿ ಒಂದು ಗೇಣು ಉದ್ದದ ಪೈಪಿನ ತುಂಡು ಇದೆ. ಹಗ್ಗ ಉಜ್ಜಿ ಮರದ ಸಿಪ್ಪೆ ಏಳಬಾರದು ಎಂದು ಅಮ್ಮ ಹಗ್ಗವನ್ನು ಅದರೊಳಗೆ ತೂರಿಸಿ ಕಟ್ಟಿದ್ದಾಳೆ. ಮನೆಗೆ ಬಂದವರು ಯಾರೂ ಅದನ್ನು ಗಮನಿಸುವುದಿಲ್ಲ. ನಾನು ಮಾತ್ರ ಒದ್ದೆ ಬನಿಯನ್ ಹಿಡಿದುಕೊಂಡು ಅದರೆದುರು ನಿಂತುಬಿಡುತ್ತೇನೆ. ಆ ತುಂಡು ಒಂದು ಕಾಲದಲ್ಲಿ ದೂರದ ಊರಿನಿಂದ ಡಬ್ಬಿಯೊಳಗೆ, ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಸುತ್ತಿಸಿಕೊಂಡು, ಮದುಮಗನ ಹಾಗೆ ಬಂದಿಳಿದದ್ದು. ಅದರ ಒಳ ಅಳತೆ ಹತ್ತು ಮಿಲಿಮೀಟರ್, ಹೊರ ಅಳತೆ ಹದಿನಾರು. ನನಗೆ ಬೇಕಾಗಿದ್ದುದು ಹತ್ತು, ಹದಿಮೂರು. ಆ ಮೂರು ಮಿಲಿಮೀಟರಿನ ಸಂದಿಯಲ್ಲಿ ನಾನು ಕಳೆದುಹೋದೆ. ಪೂರ್ತಿ ಸಿಕ್ಕಿದ್ದೇನೆ ಎಂದು ಈಗಲೂ ಹೇಳಲಾರೆ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡಬೇಕು. ಇದು ಸಂಬಂಧಿಕರಿಗೆ ಹೇಳಿ ಹೇಳಿ ನನಗೇ ಅನುಮಾನ ಬಂದಿರುವ ವಿಷಯ. ಮದುವೆಯ ಆರತಕ್ಷತೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಅದೇ ಶಾಲೆಯ ಹೆಡ್‌ಮಾಸ್ಟರ ದನಿಯಲ್ಲಿ ಸ್ವಾಗತ ಭಾಷಣ ಮಾಡಿ, ಅವರಿಂದಲೇ ಶಾಲು ಹೊದೆಸಿಕೊಳ್ಳುತ್ತೇನೆ. ಹೊದೆಸುವಾಗ ಅವರು ಶಾಲನ್ನು ಕುತ್ತಿಗೆಗೆ ಸ್ವಲ್ಪ ಬಿಗಿಯಾಗಿಯೇ ಎಳೆಯುತ್ತಾರೆ. ಉಳಿದ ದಿನ ಮನೆಯಲ್ಲಿ ಕುಳಿತು ಜನರ ಮದುವೆಯ ವಿಡಿಯೊಗಳನ್ನು ಕತ್ತರಿಸಿ ಅಂಟಿಸುತ್ತೇನೆ, ರಿಕ್ಷಾಕ್ಕೆ ಮೈಕು ಕಟ್ಟಿ ಮಾಡುವ ಪ್ರಚಾರಕ್ಕೆ ದನಿ ಕೊಡುತ್ತೇನೆ. ಧರ್ಮಸ್ಥಳದ ಹತ್ತಿರ ಇರುವ ಚಿಕ್ಕಮ್ಮ ಇಷ್ಟನ್ನೂ ತಾಳ್ಮೆಯಿಂದ ಕೇಳಿ, "ಅದು ಸರಿ ಮಗಾ, ಕೆಲಸ ಎಂತ ಮಾಡ್ತಿ?" ಎನ್ನುತ್ತಾರೆ.

ಈ ಕೆಲಸ ಅಲ್ಲದ ಕೆಲಸಕ್ಕೆ ನನ್ನಲ್ಲಿ ಒಂದು ಕಂಪ್ಯೂಟರು ಇದೆ. ಅದು ಇರುವುದು ತಾರಸಿಯ ಮೇಲೆ ತಗಡಿನ ಶೀಟು ಹಾಕಿದ ಕೋಣೆಯಲ್ಲಿ. ಬಂಟ್ವಾಳದ ಬೇಸಗೆ ಹೇಗೆಂದು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಏಪ್ರಿಲಿನ ಒಂದು ಮಧ್ಯಾಹ್ನ ಫರಂಗಿಪೇಟೆಯಲ್ಲಿ ಬಸ್ಸಿಗೆ ಕಾದು ನೋಡಿ. ಆ ಕೋಣೆಯಲ್ಲಿ ಕಂಪ್ಯೂಟರಿನ ಫ್ಯಾನುಗಳು ಮೊದಲು ಅಜ್ಜನ ಗೊರಕೆಯ ಹಾಗೆ ಶುರುವಾಗುತ್ತವೆ, ಮದುವೆಯ ವಿಡಿಯೊ ತೆರೆದ ಕೂಡಲೇ ಮಿಕ್ಸಿಯಾಗುತ್ತವೆ, ಮದುಮಗಳ ಮುಖಕ್ಕೆ ಹೊಳಪು ಕೊಡಲು ಹೊರಟರೆ ಎರಡನೇ ಗೇರಿನಲ್ಲಿ ಘಟ್ಟ ಹತ್ತುವ ಬಸ್ಸಾಗುತ್ತವೆ. ಮೂರನ್ನೂ ನಾನು ಬಾಯಲ್ಲಿ ಮಾಡಬಲ್ಲೆ. ಮಾಡಿದಾಗ ಎಲ್ಲರೂ ನಗುತ್ತಾರೆ. ಆದರೆ ಆ ಶಬ್ದ ಮೈಕಿನೊಳಗೆ ಹೋಗಿ ಕುಳಿತರೆ ನಗು ಬರುವುದಿಲ್ಲ.

ನಗು ಬಾರದಂತೆ ಮಾಡಿದವರು ಸಂಜೀವಣ್ಣ.

ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಅತ್ತ ಮೂಡುಬಿದಿರೆಯವರೆಗೆ ಎಲ್ಲಿ ಕಬಡ್ಡಿ ಪಂದ್ಯ ನಡೆದರೂ, ಎಲ್ಲಿ ವಾಲಿಬಾಲಿನ ಬಲೆ ಕಟ್ಟಿದರೂ, ಮೈಕು ಹಿಡಿಯುವವರು ಅವರು. ಮೂವತ್ತು ವರ್ಷದಿಂದ ಅದೇ ದನಿ. "ಆತ್ಮೀಯ ಕ್ರೀಡಾಭಿಮಾನಿಗಳೇ" ಎಂದು ಅವರು ಶುರು ಮಾಡಿದರೆ ಚರುಮುರಿ ಗಾಡಿಯ ಸುತ್ತ ನಿಂತವರೂ ಒಮ್ಮೆ ತಿರುಗಿ ನೋಡಬೇಕು.

ನನಗೂ ಅವರಿಗೂ ಪರಿಚಯವಾದದ್ದು ನಾನು ಕಳೆದುಹೋದ ದಿನ. ಆರು ವರ್ಷದವನಿದ್ದಾಗ ಒಂದು ಭಾನುವಾರ ಮಧ್ಯಾಹ್ನ ಕಬಡ್ಡಿ ಪಂದ್ಯಕ್ಕೆ ಅಮ್ಮನ ಜೊತೆ ಹೋಗಿದ್ದೆ. ಬಣ್ಣದ ಐಸಿನ ಗಾಡಿಯ ಹಿಂದೆ ಹೋದವನಿಗೆ ತಿರುಗಿ ನೋಡುವಾಗ ಅಮ್ಮ ಇಲ್ಲ. ಯಾರೋ ಎತ್ತಿ ವೇದಿಕೆಯ ಮೇಲೆ ನಿಲ್ಲಿಸಿದರು. ಸಂಜೀವಣ್ಣ ಘೋಷಣೆ ಮಾಡಿದರು: "ನೀಲಿ ಚಡ್ಡಿ, ಹಳದಿ ಬನಿಯನ್ ಹಾಕಿದ ಒಬ್ಬ ಹುಡುಗ ವೇದಿಕೆಯಲ್ಲಿ ಇದ್ದಾನೆ. ಹೆತ್ತವರು ಎಲ್ಲಿದ್ದರೂ ಕೂಡಲೇ ಬರಬೇಕು." ಆಮೇಲೆ ಮೈಕನ್ನು ನನ್ನ ಬಾಯಿಯ ಹತ್ತಿರ ತಂದು, "ಹೆಸರೆಂತ ಮಗಾ?" ಎಂದರು. ನಾನು ಹೆಸರು ಹೇಳಲಿಲ್ಲ. ಮೈಕು ಕಂಡ ಖುಷಿಗೆ ಅವರದೇ ಎಳೆತದಲ್ಲಿ, "ಹೆತ್ತವರು ಎಲ್ಲಿದ್ದರೂ ಕೂಡಲೇ ಬರಬೇಕೂ..." ಎಂದೆ. ಮೈದಾನವಿಡೀ ನಕ್ಕಿತು. ಆಡುತ್ತಿದ್ದವನೊಬ್ಬ ನಕ್ಕು ಉಸಿರು ಬಿಟ್ಟು ಔಟಾದ. ಅಮ್ಮ ಜನರ ನಡುವಿನಿಂದ ಓಡಿ ಬಂದವಳು ಮೊದಲು ನನ್ನನ್ನು ಅಪ್ಪಿಕೊಂಡಳು, ಆಮೇಲೆ ಬೆನ್ನಿಗೆ ಎರಡು ಕೊಟ್ಟಳು. ಸಂಜೀವಣ್ಣ ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಗಿಳಿ ಎಂದೇ ಕರೆಯುವುದು.

ಈ ಬೇಸಗೆಯಲ್ಲಿ ಅವರ ಗಂಟಲಿನಲ್ಲಿ ಒಂದು ಸಣ್ಣ ಗಂಟು ಸಿಕ್ಕಿತು. ಹೆದರುವಂಥದ್ದಲ್ಲವಂತೆ, ಆದರೆ ಕತ್ತರಿಸಿ ತೆಗೆಯಬೇಕು. ಮುಂದಿನ ತಿಂಗಳ ಎರಡನೇ ಗುರುವಾರ ಆಪರೇಷನ್. ದನಿ ಮೊದಲಿನ ಹಾಗೆಯೇ ಬರುತ್ತದೆಂದು ಭರವಸೆ ಕೊಡಲಾಗದು ಎಂದು ಡಾಕ್ಟರು ಹೇಳಿದ್ದಾರೆ. ಅಲ್ಲಿಯವರೆಗೂ ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಮಾತಾಡುವ ಹಾಗಿಲ್ಲ. ಇದನ್ನು ಹೇಳಲು ಅವರು ಆ ದಿನದ ಎರಡು ನಿಮಿಷ ಖರ್ಚು ಮಾಡಿದರು.

"ನನ್ನದು ಅಂತ ಸರಿಯಾಗಿ ರೆಕಾರ್ಡ್ ಮಾಡಿದ್ದು ಒಂದೂ ಇಲ್ಲ ಗಿಳಿ," ಎಂದರು. "ಇರುವುದೆಲ್ಲ ಪಂದ್ಯದ ವಿಡಿಯೊದಲ್ಲಿ ಹಿಂದಿನಿಂದ ಕೇಳುವುದು. ನನ್ನ ಕಡೆ ತಿರುಗಿಸಿದ ಕ್ಯಾಮೆರಾ ಯಾವುದುಂಟು ಹೇಳು? ಒಮ್ಮೆ ಒಳ್ಳೆ ಮಾಡಿ ತೆಗೆದಿಡುವನಾ?"

ಫೋನಿನಲ್ಲಿಯೇ ರೆಕಾರ್ಡ್ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅವರೂ ಕೇಳಿದರು. ಫೋನಿನಲ್ಲಿ ಮಾಡಿಯೂ ನೋಡಿದೆ. ಅವರು ಗಟ್ಟಿಯಾಗಿ ಎಳೆದ ಕಡೆಯಲ್ಲೆಲ್ಲ ಫೋನು ಅದನ್ನು ಗಲಾಟೆ ಎಂದು ತಿಳಿದು ಒತ್ತಿ ಚಪ್ಪಟೆ ಮಾಡಿತ್ತು. ಸಂಜೀವಣ್ಣ ಚಾಪೆಯೊಳಗಿನಿಂದ ಮಾತಾಡಿದ ಹಾಗಿತ್ತು. ನನ್ನ ಒಳ್ಳೆಯ ಮೈಕು ಕಂಪ್ಯೂಟರಿಗೆ ಅಂಟಿಕೊಂಡದ್ದು, ಕಂಪ್ಯೂಟರು ಬಸ್ಸಿನ ಹಾಗೆ ಕೂಗುವಂಥದ್ದು. ಹಾಗಾಗಿ ಫ್ಯಾನನ್ನು ಸುಮ್ಮನಿರಿಸಬೇಕು, ಅದಕ್ಕೆ ಕಂಪ್ಯೂಟರನ್ನು ನೀರಿನಿಂದ ತಂಪು ಮಾಡಬೇಕು ಎಂದು ನಾನು ತೀರ್ಮಾನಿಸಿದೆ. ಇದು ಸಂಜೀವಣ್ಣನಿಗೆ ಹೇಳಿದ ಕಾರಣ. ಎರಡು ವರ್ಷದಿಂದ ವಿಡಿಯೊಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬಣ್ಣದ ನೀರು ಹರಿಯುವ ಕಂಪ್ಯೂಟರುಗಳನ್ನು ನೋಡಿ ಜೊಲ್ಲು ಸುರಿಸುತ್ತಿದ್ದೆ ಎನ್ನುವುದು ಹೇಳದೆ ಉಳಿಸಿಕೊಂಡ ಕಾರಣ.

ಸಂಗತಿ ಕೇಳಲು ಸುಲಭ. ಒಂದು ಸಣ್ಣ ಪಂಪು ನೀರನ್ನು ನೂಕುತ್ತದೆ. ನೀರು ಪೈಪಿನಲ್ಲಿ ಹೋಗಿ ಕಂಪ್ಯೂಟರಿನ ಬಿಸಿಯಾಗುವ ಚಿಪ್ಪಿನ ಮೇಲೆ ಕುಳಿತ ತಾಮ್ರದ ಬಿಲ್ಲೆಯನ್ನು ಹಾದು, ಆ ಬಿಸಿಯನ್ನು ಹೊತ್ತುಕೊಂಡು ರೇಡಿಯೇಟರಿಗೆ ಬರುತ್ತದೆ. ಅಲ್ಲಿ ನಿಧಾನ ತಿರುಗುವ ಫ್ಯಾನಿನ ಗಾಳಿಗೆ ಆರಿ ವಾಪಸು ಹೋಗುತ್ತದೆ. ಇದು ನನಗೆ ಮೊದಲೇ ಗೊತ್ತಿದ್ದ ವಿದ್ಯೆ. ಸಣ್ಣವನಿದ್ದಾಗ ಬೆಳ್ತಂಗಡಿಯ ಮಾವನ ಜೀಪಿನಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಮೂರನೇ ತಿರುವಿಗೆ ಅದು ಬುಸುಗುಟ್ಟುತ್ತಿತ್ತು. ಮಾವ ಇಳಿದು, ಹೆಗಲಿನ ಬೈರಾಸನ್ನು ಒದ್ದೆ ಮಾಡಿ ರೇಡಿಯೇಟರಿನ ಮುಚ್ಚಳದ ಮೇಲೆ ಹಾಕಿ, ಮುಖ ಆಚೆ ತಿರುಗಿಸಿ, ಹಾವಿನ ಹೆಡೆ ಹಿಡಿಯುವವರ ಹಾಗೆ ತಿರುಪುತ್ತಿದ್ದರು. ನಾವು ಮಕ್ಕಳು ತೊರೆಯಿಂದ ಬಾಟಲಿಯಲ್ಲಿ ನೀರು ತಂದು ಸಾಲಾಗಿ ನಿಲ್ಲುತ್ತಿದ್ದೆವು. "ಪಾಪ, ಬಾಯಾರಿಕೆ ಅದಕ್ಕೆ" ಎನ್ನುತ್ತಿದ್ದರು ಮಾವ. ಜೀಪು ನೀರು ಕುಡಿಯುತ್ತದೆ, ಕುಡಿದ ಮೇಲೆ ತೇಗುತ್ತದೆ ಎಂದು ನಾನು ತುಂಬ ದಿನ ನಂಬಿದ್ದೆ. ಕಂಪ್ಯೂಟರೂ ಅಷ್ಟೇ ಅಲ್ಲವೇ ಎಂದುಕೊಂಡೆ.

ಅಷ್ಟೇ ಅಲ್ಲ.

ಪೈಪು ಎಂದರೆ ಯಾವ ಪೈಪು? ಮೆತ್ತಗಿನದೋ ಗಟ್ಟಿಯದೋ? ಗಟ್ಟಿಯದಾದರೆ ಬಿಸಿ ಗಾಳಿ ಊದಿ ಬಗ್ಗಿಸಬೇಕು, ಸ್ವಲ್ಪ ಹೆಚ್ಚಾದರೆ ಹಿಂಡಿದ ಚಕ್ಕುಲಿಯಾಗುತ್ತದೆ. ಮೆತ್ತಗಿನದಾದರೆ ಒಳಗಿನ ನೀರು ಕಾಣುವ ಬಿಳಿಯದು ಚಂದ, ಆದರೆ ಕೆಲವು ತಿಂಗಳಲ್ಲಿ ಮಂಜು ಕವಿದ ಹಾಗಾಗುತ್ತದೆ. ಕರಿ ರಬ್ಬರಿನದು ವರ್ಷಗಟ್ಟಲೆ ಬಾಳುತ್ತದೆ, ಆದರೆ ನೋಡಲು ಗ್ಯಾಸ್ ಸಿಲಿಂಡರಿನ ಪೈಪಿನ ಅಣ್ಣ. ಇಂಟರ್ನೆಟ್ಟಿನಲ್ಲಿ ಗಟ್ಟಿ ಪೈಪಿನವರು ಮೆತ್ತಗಿನವರನ್ನು ಬೈಯುತ್ತಾರೆ, ಮೆತ್ತಗಿನವರು ಕರಿ ರಬ್ಬರಿನವರನ್ನು ನೋಡಿ ಅಯ್ಯೋ ಪಾಪ ಎನ್ನುತ್ತಾರೆ, ಕರಿ ರಬ್ಬರಿನವರು ಯಾರಿಗೂ ಉತ್ತರಿಸದೆ ನೆಮ್ಮದಿಯಿಂದ ಇದ್ದಾರೆ. ನಾನು ಮೂವರ ದನಿಯನ್ನೂ ಅನುಕರಿಸಿ ನೋಡಿದೆ. ಯಾರ ದನಿಯಲ್ಲಿ ಮಾತಾಡುತ್ತೇನೋ ಅವರು ಹೇಳಿದ್ದೇ ಸರಿ ಎನಿಸುತ್ತಿತ್ತು. ಮಿಮಿಕ್ರಿಯವನಿಗೆ ಸ್ವಂತ ಅಭಿಪ್ರಾಯ ಇರುವುದಿಲ್ಲ ಎಂದು ಅಮ್ಮ ಹೇಳುವುದು ಸುಳ್ಳಲ್ಲ.

ಕೊನೆಗೆ ಬಿಳಿಯದನ್ನೇ ತರಿಸಿದೆ. ಅದು ಬಂದ ಮೇಲೆ ಆ ಮೂರು ಮಿಲಿಮೀಟರಿನ ಸಂಗತಿ ಗೊತ್ತಾಯಿತು. ಪೈಪನ್ನು ಹಿಡಿದಿಡುವ ತಿರುಪುಗಳಿಗೆ ಫಿಟ್ಟಿಂಗ್ ಎನ್ನುತ್ತಾರೆ. ಹದಿಮೂರರ ಫಿಟ್ಟಿಂಗಿಗೆ ಹದಿನಾರರ ಪೈಪು ಎಂದರೆ ದೊಡ್ಡಪ್ಪನ ಕೈಗೆ ಅಮ್ಮನ ಬಳೆ ತೊಡಿಸಿದ ಹಾಗೆ. ವಾಪಸು ಕಳಿಸಿ ಬೇರೆ ತರಿಸಲು ದಿನ ಇಲ್ಲ. ಒಂದು ಫಿಟ್ಟಿಂಗನ್ನು ಕಿಸೆಗೆ ಹಾಕಿಕೊಂಡು ಬೆಳ್ತಂಗಡಿಗೆ ಹೋದೆ. ಅಲ್ಲಿ ಪದ್ಮರಾಜಣ್ಣನ ಅಂಗಡಿಯಲ್ಲಿ ಸಿಗದ ಪೈಪು ಇಲ್ಲ. ಅವರ ತಂದೆಯ ಕಾಲದಿಂದ ಇಡೀ ತಾಲೂಕಿನ ನೀರು ಅವರ ಪೈಪಿನಲ್ಲೇ ಹರಿದದ್ದು. ಜೈನರು, ಅಹಿಂಸೆಯವರು, ಜೋರು ಮಾತಿಲ್ಲ. ಆದರೆ ಕೇಳುವ ಪ್ರಶ್ನೆಯಲ್ಲಿ ಕನಿಕರವೂ ಇಲ್ಲ.

"ಜಾಗ ಎಷ್ಟು ಎಕರೆ?" ಎಂದರು.

"ಎಕರೆ ಅಲ್ಲ ಅಣ್ಣ, ಒಂದೂವರೆ ಅಡಿ."

"ಒಂದೂವರೆ ಅಡಿಯಲ್ಲಿ ಎಂತ ಗಿಡ?"

"ಗಿಡ ಅಲ್ಲ. ಕಂಪ್ಯೂಟರಿಗೆ ನೀರು ಬಿಡ್ಲಿಕ್ಕೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನದೇ ಕಂಪ್ಯೂಟರಾ? ಅಲ್ಲ ಬೇರೆ ಯಾರದ್ದಾದ್ರೂವಾ?"

"ನನ್ನದೇ."

"ನೀರು ಎಲ್ಲಿಂದ? ಬಾವಿಯಾ, ಬೋರಾ?"

"ಇದ್ದ ನೀರೇ ಸುತ್ತುತ್ತಾ ಇರ್ತದೆ ಅಣ್ಣ. ಹೋಗ್ತದೆ, ಬಿಸಿಯಾಗ್ತದೆ, ತಣ್ಣಗಾಗಿ ವಾಪಸ್ ಬರ್ತದೆ."

ಪದ್ಮರಾಜಣ್ಣ ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಎಲ್ಲಿಗೂ ಹೋಗದ ನೀರಿಗೆ ಪಂಪು ಎಂತಕ್ಕೆ ಮಾರಾಯ?"

ನಾನು ಒಂದೊಂದೇ ಪೈಪಿನ ತುದಿಗೆ ಕಿಸೆಯ ಫಿಟ್ಟಿಂಗನ್ನು ಸಿಕ್ಕಿಸಿ ನೋಡತೊಡಗಿದೆ. ಅರ್ಧ ಗಂಟೆಯಾದ ಮೇಲೆ, ಮೂಲೆಯಲ್ಲಿ ಸುರುಳಿ ಸುತ್ತಿದ್ದ ಒಂದು ಬಿಳಿ ಪೈಪು ಕಟಕ್ಕನೆ ಕೂತಿತು. ಗೋಡೆ ಕಟ್ಟುವಾಗ ಮಟ್ಟ ನೋಡಲು ಮೇಸ್ತ್ರಿಗಳು ನೀರು ತುಂಬಿಸಿ ಹಿಡಿಯುವ ಲೆವೆಲ್ ಪೈಪು ಅದು. ಗುಳ್ಳೆಯ ಪ್ಲಾಸ್ಟಿಕ್ಕಿನಲ್ಲಿ ಬಂದ ಮದುಮಗ ಅಂಗಳದ ಹಗ್ಗಕ್ಕೆ, ಮೇಸ್ತ್ರಿಯ ಪೈಪು ಕಂಪ್ಯೂಟರಿಗೆ. "ಗೋಡೆ ಸೊಟ್ಟ ಆದ್ರೆ ನಾನಲ್ಲ," ಎಂದು ಪದ್ಮರಾಜಣ್ಣ ಕಟ್ಟಿ ಕೊಟ್ಟರು.

ರೇಡಿಯೇಟರಿನದು ಇನ್ನೊಂದು ಪುರಾಣ. ಮಾಣಿ ಪೇಟೆಯಲ್ಲಿ ಹಮೀದಾಕ ಎಂಬವರು ಲಾರಿಗಳ ರೇಡಿಯೇಟರು ರಿಪೇರಿ ಮಾಡುತ್ತಾರೆ. ನಾನು ಅಗ್ಗದ, ಅಲ್ಯುಮಿನಿಯಮ್ಮಿನ ಒಂದು ರೇಡಿಯೇಟರಿನ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಅವರು ಕೈಯ ಮಸಿಯನ್ನು ಲುಂಗಿಗೆ ಒರೆಸಿ ನೋಡಿ, "ಬಿಸಿಯಾಗುವ ಜಾಗದಲ್ಲಿ ಎಂತ ಉಂಟು ಮೋನೆ? ತಾಮ್ರವಾ?" ಎಂದರು.

"ತಾಮ್ರ."

"ಹಾಗಾದ್ರೆ ಇದು ಆಗ್ಲಿಕ್ಕಿಲ್ಲ. ಒಂದೇ ನೀರಿನಲ್ಲಿ ತಾಮ್ರ, ಅಲ್ಯುಮಿನಿಯಂ ಎರಡೂ ಇಟ್ಟರೆ ಒಂದು ಇನ್ನೊಂದನ್ನು ತಿಂತದೆ. ಮೆಲ್ಲ ಮೆಲ್ಲ. ಹೊರಗೆ ಗೊತ್ತೇ ಆಗುದಿಲ್ಲ."

ಇಷ್ಟು ದಿನ ಯಾರೂ ಹೇಳದ ಮಾತು. ನಮ್ಮ ಕಡೆ ಜಾತಕ ನೋಡುವವರೂ ಇಷ್ಟು ಚುಟುಕಾಗಿ ಹೇಳುವುದಿಲ್ಲ. ತಾಮ್ರದ್ದೇ ತರಿಸಿದೆ. ಮೂರು ಫ್ಯಾನು ಕೂರುವಷ್ಟು ಉದ್ದದ್ದು. ದೊಡ್ಡದಿದ್ದಷ್ಟೂ ಫ್ಯಾನು ನಿಧಾನ ತಿರುಗಿದರೆ ಸಾಕು, ಶಬ್ದ ಇರುವುದಿಲ್ಲ ಎಂದು ಓದಿದ್ದೆ. ಅದು ಬಂದ ಮೇಲೆ ನೋಡಿದರೆ ನನ್ನ ಕಂಪ್ಯೂಟರಿನ ಪೆಟ್ಟಿಗೆಗಿಂತ ಒಂದು ಗೇಣು ಉದ್ದ. ಮಗುವಿನ ತೊಟ್ಟಿಲಿಗೆ ಮಾವನನ್ನು ಮಲಗಿಸಿದ ಹಾಗಾಯಿತು. ಕೊನೆಗೆ ಅದನ್ನು ಕಿಟಕಿಯ ಸರಳಿಗೆ ನೈಲಾನ್ ಹಗ್ಗದಿಂದ ಕಟ್ಟಿದೆ. ಫ್ಯಾನುಗಳನ್ನು ಓಡಿಸಿ ನೋಡುವಾಗ ಬೀಸಿದ ಗಾಳಿ ಕಂಡು ಅಮ್ಮ ಕಿಟಕಿಯ ಹೊರಗಿನ ಸಜ್ಜಾದ ಮೇಲೆ ಹಪ್ಪಳ ಒಣಗಲು ಹಾಕಿದಳು. ದಾರಿಯಲ್ಲಿ ಹೋಗುವವರು "ಏಸಿ ಹಾಕಿಸಿದ್ರಾ?" ಎಂದು ಕೇಳಿದರೆ, "ಇಲ್ಲ, ಹಪ್ಪಳದ್ದು" ಎನ್ನುತ್ತಿದ್ದಳು.

ಇನ್ನು ನೀರು. ನೀರಿನ ಬಗ್ಗೆ ನಮ್ಮೂರಿನಲ್ಲಿ ಎಲ್ಲರೂ ಪಂಡಿತರು. ಪದ್ಮರಾಜಣ್ಣನ ಪ್ರಕಾರ ಬಾವಿಯ ನೀರಿಗೆ ಸಮ ಇಲ್ಲ. ಹಮೀದಾಕ ಲಾರಿಗೆ ಹಾಕುವ ಹಸಿರು ಕೂಲೆಂಟನ್ನು ಅರ್ಧ ಬಾಟಲಿ ಕೊಡಲು ಬಂದರು. ಮೂಡುಬಿದಿರೆಯಲ್ಲಿ ಕಂಪ್ಯೂಟರು ರಿಪೇರಿ ಮಾಡುವ ಪ್ರಜ್ವಲ್, ನನಗಿಂತ ನಾಲ್ಕು ವರ್ಷ ಸಣ್ಣವನು, ನನಗಿಂತ ನಲವತ್ತು ವರ್ಷ ದೊಡ್ಡವನ ಹಾಗೆ ತಲೆಯಾಡಿಸಿದ. "ಹಾಲಿನ ಹಾಗೆ ದಪ್ಪ ಬಣ್ಣದ್ದು ಬೇಡ ಬ್ರೋ, ಕಸ ಕಟ್ಟಿ ಬ್ಲಾಕ್ ಆಗ್ತದೆ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ನೀರು ತಗೋ. ಈ ಸಣ್ಣ ಬಾಟಲಿ ಮದ್ದು ಅದಕ್ಕೆ ಹಾಕು. ಪಾಚಿ ಹಿಡಿಯುದಿಲ್ಲ, ಲೋಹವೂ ಹಾಳಾಗುದಿಲ್ಲ. ನೀರು ಸ್ವಲ್ಪ ಕೆಂಪಾಗ್ತದೆ, ಹೆದರ್ಬೇಡ."

"ನೀನು ಎಷ್ಟು ಕಂಪ್ಯೂಟರಿಗೆ ಮಾಡಿದ್ದಿ?" ಎಂದೆ.

"ಮಾಡಿದ್ದಿಲ್ಲ. ವಿಡಿಯೊ ನೋಡಿದ್ದು."

ನೀರಿನ ಐದು ಲೀಟರಿನ ಕ್ಯಾನನ್ನು ತಂದು, ಮೇಲಿನ ಕೋಣೆ ಕಾಯುತ್ತದೆಂದು ಅಡುಗೆಮನೆಯ ಮೂಲೆಯಲ್ಲಿಟ್ಟೆ. ಮದ್ದಿನ ಬಾಟಲಿ ಎಲ್ಲಿಟ್ಟೆನೋ ನೆನಪಿಲ್ಲ. ಭಾನುವಾರ ನೋಡಿದಾಗ ಕ್ಯಾನಿನ ನೀರು ನಸುಗೆಂಪಾಗಿತ್ತು. ಓ, ಮದ್ದು ಹಾಕಿಯೇ ಇಟ್ಟಿದ್ದೇನಲ್ಲ, ನನ್ನಷ್ಟು ಮುಂದಾಲೋಚನೆಯವನು ಬಂಟ್ವಾಳ ತಾಲೂಕಿನಲ್ಲಿ ಇದ್ದಾನೆಯೇ ಎಂದು ಹೆಮ್ಮೆಯಾಯಿತು. ತಿರುಪುಗಳನ್ನು ಬಿಗಿ ಮಾಡಿ, ಕೆಳಗೆಲ್ಲ ಹಳೆಯ ಪೇಪರು ಹಾಸಿ, ಪಂಪಿಗೆ ಮಾತ್ರ ಕರೆಂಟು ಕೊಟ್ಟು ನೀರು ಸುರಿದೆ. ಮೇಸ್ತ್ರಿಯ ಪೈಪಿನಲ್ಲಿ ಆ ತಿಳಿಗೆಂಪು ಏರಿ ಇಳಿದು ತಿರುಗಿ ಬರುವಾಗ, ಆಹಾ! ವಿಡಿಯೊದಲ್ಲಿ ಕೂಡ ಅಷ್ಟು ಚಂದದ ಬಣ್ಣ ನೋಡಿರಲಿಲ್ಲ. ಎಲ್ಲೂ ಒಂದು ಹನಿ ಸೋರಲಿಲ್ಲ. ಪ್ರಜ್ವಲನಿಗೆ ಫೋಟೊ ಕಳಿಸಿದೆ. "ಸೂಪರ್ ಕಲರ್ ಬ್ರೋ" ಎಂದು ಉತ್ತರ ಬಂತು.

ಸೋಮವಾರ ಬೆಳಗ್ಗೆ ಪಂಪು ಕೊಯ್ಯೆಂದು ಅಳತೊಡಗಿತು. ನೀರು ಮುಂದೆ ಹೋಗುತ್ತಿಲ್ಲ. ನಾನು ತಲೆಗೆ ಕೈ ಹಚ್ಚಿ ಕುಳಿತಿರುವಾಗ ಅಮ್ಮ ಮೇಲೆ ಬಂದಳು.

"ಕ್ಯಾನಿನ ನೀರು ಎಲ್ಲ ಖಾಲಿ ಉಂಟಲ್ಲ, ಐದು ಲೀಟರೂ ನೀನೇ ಕುಡಿದದ್ದಾ?"

"ಕುಡಿದದ್ದಾ? ಅದು ಕಂಪ್ಯೂಟರಿನ ನೀರು!"

"ಯಾರದ್ದಾದರೇನು, ಅಂಗಡಿಯಿಂದ ತಂದ ಹಸಿ ನೀರು. ಕಾಸರಗೋಡಿನ ಅತ್ತೆ ಕೊಟ್ಟ, ಕುಡಿಯುವ ನೀರಿಗೆ ಹಾಕುವ ಕೆಂಪು ಮರದ ಚಕ್ಕೆ ಹಾಕಿ ಕುದಿಸಿ ತಿರುಗಿ ತುಂಬಿಸಿ ಇಟ್ಟಿದ್ದೆ. ಸೋಸಿದ್ದೇನೆ."

ಪೂರ್ತಿ ಸೋಸಿರಲಿಲ್ಲ. ತಾಮ್ರದ ಬಿಲ್ಲೆಯನ್ನು ಬಿಚ್ಚಿದಾಗ ಒಳಗಿನ ಕೂದಲೆಳೆಯ ಸಾಲುಗಳಲ್ಲಿ ಚಕ್ಕೆಯ ನಾರು ಬಾಚಣಿಗೆಯಲ್ಲಿ ಕೂದಲು ಸಿಕ್ಕಿದ ಹಾಗೆ ಕೂತಿತ್ತು. ನಮ್ಮ ಮನೆಗೆ ಬಂದವರಿಗೆ ಹಸಿ ನೀರು ಕೊಡುವ ಕ್ರಮ ಇಲ್ಲ, ಸರಿ. ಆದರೆ ಕಂಪ್ಯೂಟರಿಗೂ ಆ ಮರ್ಯಾದೆ ಸಿಗುತ್ತದೆ ಎಂದು ಯಾವ ವಿಡಿಯೊದಲ್ಲಿಯೂ ಹೇಳಿರಲಿಲ್ಲ. ನಾನು ಏನೇನೋ ಕೂಗಾಡಿದೆ. ಅಮ್ಮ ಅದಕ್ಕೆ ತುಳುವಿನಲ್ಲಿ ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾರೆ. ಕನ್ನಡಕ್ಕೆ ತರುವಷ್ಟರಲ್ಲಿ ಅರ್ಧ ಸೋರಿಹೋಗುತ್ತದೆ. ಆಮೇಲೆ ಅವಳೇ ಹಳೆಯ ಹಲ್ಲುಜ್ಜುವ ಬ್ರಷ್ಷು ತಂದು, ಸೆರಗು ಸಿಕ್ಕಿಸಿ, ಬಿಲ್ಲೆಯನ್ನು ದೇವರ ದೀಪ ತಿಕ್ಕುವ ಹಾಗೆ ತಿಕ್ಕಿದಳು. ಪ್ರಜ್ವಲ್ ಹೇಳಿದ ಮದ್ದಿನ ಬಾಟಲಿ ಕಪಾಟಿನಲ್ಲಿ, ನನ್ನ ಕೆಮ್ಮಿನ ಮದ್ದಿನ ಪಕ್ಕದಲ್ಲಿ ಸಿಕ್ಕಿತು. ಕೆಮ್ಮು ಬಾರದಿದ್ದುದು ನನ್ನ ಪುಣ್ಯ. ಬ್ಯಾಟರಿ ಅಂಗಡಿಗೆ ಇನ್ನೊಮ್ಮೆ ಓಡಿದೆ.

ಮಂಗಳವಾರ ಮಧ್ಯಾಹ್ನ ಎಲ್ಲ ಸರಿಯಾಯಿತು. ಅದು ಹೇಗೆ ಸರಿಯಾಯಿತು ಎಂದು ಕೇಳಬೇಡಿ. ಯಾವ ಪೈಪು ಒಳಗೆ ಹೋಗುವುದು, ಯಾವುದು ಹೊರಗೆ ಬರುವುದು ಎಂದು ನಾನು ಒಂದಕ್ಕೆ ಕೆಂಪು ದಾರ ಕಟ್ಟಿದ್ದೆ. ದಾರ ಕಟ್ಟಿದ್ದು ಯಾವುದಕ್ಕೆಂದು ಮರೆತಿದ್ದೆ. ಆದರೆ ಮದುಮಗಳ ಮುಖಕ್ಕೆ ಎಷ್ಟು ಹೊಳಪು ಕೊಟ್ಟರೂ ಕಂಪ್ಯೂಟರಿನಿಂದ ಒಂದು ಉಸಿರಿಲ್ಲ. ಕೋಣೆಯಲ್ಲಿ ನನ್ನ ಕೈಗಡಿಯಾರದ ಸದ್ದು ಕೇಳಿಸಿತು. ಅದಕ್ಕೆ ಸದ್ದಿದೆ ಎಂದು ಗೊತ್ತಾದದ್ದೇ ಆಗ.

ಮೂರು ಗಂಟೆಗೆ ಸಂಜೀವಣ್ಣ ಬಂದರು. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಯಾವುದೋ ಹಳೆಯ ಪಂದ್ಯದ ಬ್ಯಾಡ್ಜು. ಮಾತು ಉಳಿಸಲು ಕೈಯಲ್ಲೇ ನಮಸ್ಕಾರ. ಅಮ್ಮ ಬೆಲ್ಲದ ತುಂಡು, ಕೆಂಪು ಚಕ್ಕೆಯ ನೀರು ತಂದಿಟ್ಟಳು. ಅವರು ಕುಡಿಯುತ್ತಾ ಕಂಪ್ಯೂಟರಿನ ಪೈಪಿನಲ್ಲಿ ಅದೇ ಬಣ್ಣದ ನೀರು ಹರಿಯುವುದನ್ನು ನೋಡಿದರು. ಲೋಟವನ್ನು ನೋಡಿದರು. "ಇದಕ್ಕೂ ಬೆಲ್ಲ ಕೊಟ್ಟಿದ್ದೀರಾ ಅಕ್ಕ?" ಎಂದರು. ಹತ್ತು ನಿಮಿಷದಲ್ಲಿ ಅಷ್ಟು ಖರ್ಚಾಯಿತು. ಅಮ್ಮ ನಗುತ್ತಾ ಕೆಳಗೆ ಹೋದಳು.

ಮೈಕು ಎದುರಿಟ್ಟು, ಬಾಗಿಲು ಹಾಕಿ, ನಾನು ಕೈ ಸನ್ನೆ ಮಾಡಿದೆ. ಸಂಜೀವಣ್ಣ ಎದೆಯುಬ್ಬಿಸಿದರು. ಸುತ್ತ ನೋಡಿದರು.

"ಎಂತ ಗಿಳಿ, ಕರೆಂಟ್ ಹೋಯ್ತಾ?"

"ಇಲ್ಲ ಸಂಜೀವಣ್ಣ, ಎಲ್ಲ ಆನ್ ಉಂಟು. ಹೇಳಿ."

"ಆತ್ಮೀಯ ಕ್ರೀಡಾಭಿಮಾನಿಗಳೇ," ಎಂದರು. ದನಿ ಅವರದ್ದೇ, ಆದರೆ ಶೋಕಸಭೆಯಲ್ಲಿ ಎದ್ದು ನಿಂತವರ ಹಾಗೆ ಕೇಳಿಸಿತು. ಇನ್ನೊಮ್ಮೆ ಹೇಳಿದರು, ಈ ಸಲ ಬ್ಯಾಂಕಿನಲ್ಲಿ ಸಾಲ ಕೇಳಿದ ಹಾಗೆ. ಮೂರನೇ ಸಲ ಅರ್ಧಕ್ಕೆ ನಿಲ್ಲಿಸಿ ಗಂಟಲು ಹಿಡಿದುಕೊಂಡರು. ಗಡಿಯಾರ ನೋಡಿದೆ. ನಾಲ್ಕು ನಿಮಿಷ ಹೋಗಿತ್ತು. ನಾಳೆ ಬುಧವಾರ ಅವರು ಆಸ್ಪತ್ರೆಗೆ ಸೇರಬೇಕು.

"ಆಗುದಿಲ್ಲ ಮಾರಾಯ," ಎಂದರು ಮೆಲ್ಲಗೆ. "ಮೂವತ್ತು ವರ್ಷ ಜನರೇಟರಿನ ಪಕ್ಕದಲ್ಲಿ ನಿಂತು ಮಾತಾಡಿದವ ನಾನು. ಅದರ ಸದ್ದಿನ ಮೇಲೆ ಹತ್ತಿ ನಿಲ್ತದೆ ನನ್ನ ದನಿ. ಇಲ್ಲಿ ಹತ್ಲಿಕ್ಕೆ ಎಂತದೂ ಇಲ್ಲ. ಸ್ವಲ್ಪ ಗಲಾಟೆ ಉಂಟಾ ನಿನ್ನಲ್ಲಿ?"

ಒಂದು ತಿಂಗಳು. ಮೂರು ಊರು. ತಾಮ್ರ, ಅಲ್ಯುಮಿನಿಯಂ, ಹತ್ತು, ಹದಿಮೂರು, ಹದಿನಾರು. ಇಷ್ಟೆಲ್ಲ ಮಾಡಿ ನಾನು ಈ ಮನೆಯಿಂದ ಓಡಿಸಿದ ಒಂದೇ ಒಂದು ವಸ್ತು ಗಲಾಟೆ. ನಗಬೇಕೋ ಅಳಬೇಕೋ ತಿಳಿಯದೆ, ಎರಡನ್ನೂ ಬೇರೆಯವರ ದನಿಯಲ್ಲಿ ಮಾಡಿ ಮಾತ್ರ ಅಭ್ಯಾಸವಿದ್ದುದರಿಂದ, ರೇಡಿಯೇಟರಿನ ಮೂರೂ ಫ್ಯಾನುಗಳನ್ನು ಪೂರ್ತಿ ವೇಗಕ್ಕೆ ಎಳೆದೆ. ಹಪ್ಪಳಗಳು ಹಾರಿದವು. ಸಂಜೀವಣ್ಣ ಕಿವಿಯಾನಿಸಿ, "ಇದು ಏಸಿ ಬಸ್ಸಿನ ಶಬ್ದ," ಎಂದು ತಲೆಯಾಡಿಸಿದರು. ಕಂಪ್ಯೂಟರಿನಿಂದ ಕಳಚಿಟ್ಟಿದ್ದ ಹಳೆಯ ಫ್ಯಾನನ್ನು ಮಂಚದ ಅಡಿಯಿಂದ ಎಳೆದು ತಂದೆ. ಅದರ ಒಂದು ರೆಕ್ಕೆ ಮುರಿದಿತ್ತು. ವೈರು ಸಿಕ್ಕಿಸಿದ ಕೂಡಲೇ ಅಲ್ಲ, ಎರಡು ಸಲ ತಟ್ಟಿದ ಮೇಲೆ, ಅದು ಕಟಕಟ ಗುಡುಗುಡು ಎಂದು ನಡುಗುತ್ತಾ ಎದ್ದಿತು.

ಸಂಜೀವಣ್ಣನ ಬೆನ್ನು ನೆಟ್ಟಗಾಯಿತು. "ಹಾಂ. ಇದು ಜನರೇಟರ್."

ಕೈ ತಾನಾಗಿ ಮೇಲೆದ್ದಿತು. ಅಲ್ಲಿಲ್ಲದ ಮೈದಾನದ ಮೈಕಿನ ತಂತಿಯನ್ನು ಕಾಲಿನಿಂದ ಸರಿಸಿದರು. ಮತ್ತೆ ಆ ದನಿ ಬಂತು. ತಗಡಿನ ಶೀಟು ಝೇಂಕರಿಸುವಂಥದ್ದು. ಆತ್ಮೀಯ ಕ್ರೀಡಾಭಿಮಾನಿಗಳಿಗೆ ಸ್ವಾಗತ ಹೇಳಿದರು. ಅಂಕಣಕ್ಕೆ ಇಳಿಯಬೇಕಾದ ತಂಡಗಳನ್ನು ಮೂರು ಸಲ ಕರೆದರು, ಮೂರನೇ ಸಲ ಸಿಟ್ಟಿನಿಂದ. ದಾರಿಗೆ ಅಡ್ಡ ಇಟ್ಟ ಬೈಕಿನವರನ್ನು ಬೈದರು. ಊಟಕ್ಕೆ ನುಗ್ಗಬೇಡಿ, ಎಲ್ಲರಿಗೂ ಇದೆ ಎಂದರು. ಗಡಿಯಾರದಲ್ಲಿ ಒಂದು ನಿಮಿಷ ಉಳಿದಿತ್ತು. ಅವರು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

"ಗಮನಿಸಿ, ಗಮನಿಸಿ. ನೀಲಿ ಚಡ್ಡಿ, ಹಳದಿ ಬನಿಯನ್ ಹಾಕಿದ ಒಬ್ಬ ಹುಡುಗ ವೇದಿಕೆಯಲ್ಲಿ ಇದ್ದಾನೆ. ಹೆಸರು ಹೇಳುವುದಿಲ್ಲ. ಹೆತ್ತವರು ಎಲ್ಲಿದ್ದರೂ ಕೂಡಲೇ ಬರಬೇಕೂ..."

ಮೆಟ್ಟಿಲಿನಲ್ಲಿ ದಡದಡ ಸದ್ದಾಯಿತು. ಬಾಗಿಲು ತೆರೆಯಿತು. ಅಮ್ಮ ನಿಂತಿದ್ದಳು, ಕೈಯಲ್ಲಿ ಸೌಟು, ಏದುಸಿರು. ನನ್ನನ್ನು ನೋಡಿದಳು, ಅವರನ್ನು ನೋಡಿದಳು, ತಾನು ಯಾಕೆ ಓಡಿ ಬಂದೆನೆಂದು ಅವಳಿಗೇ ಗೊತ್ತಾಗಲಿಲ್ಲ. "ಹಪ್ಪಳ ಹಾರಿತು," ಎಂದಳು.

ಆಪರೇಷನ್ ಚೆನ್ನಾಗಿ ಆಯಿತು. ದನಿ ಹೇಗಿದೆ ಎಂದು ಯಾರಿಗೂ ಗೊತ್ತಿಲ್ಲ, ಏಕೆಂದರೆ ಒಂದು ತಿಂಗಳು ಮಾತಾಡಲೇಬಾರದಂತೆ. ಮೊನ್ನೆ ನೋಡಲು ಹೋದಾಗ ಅವರ ಕಿವಿಗೆ ಹೆಡ್‌ಫೋನು ಹಾಕಿ ಆ ಆರು ನಿಮಿಷವನ್ನು ಕೇಳಿಸಿದೆ. ಹಳೆಯ ಫ್ಯಾನಿನ ಗುಡುಗುಡು ಪೂರ್ತಿ ಅದರಲ್ಲಿ ಇದೆ. ಅದನ್ನು ತೆಗೆಯುವ ವಿದ್ಯೆ ನನ್ನ ಕಂಪ್ಯೂಟರಿನಲ್ಲಿ ಇದೆ; ತೆಗೆದಿಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಹೆಡ್‌ಫೋನು ತೆಗೆಯಲಿಲ್ಲ. ಆಮೇಲೆ ಪಕ್ಕದಲ್ಲಿದ್ದ ಮಕ್ಕಳ ಸ್ಲೇಟನ್ನು ಎತ್ತಿ, ಬಳಪದಿಂದ ದೊಡ್ಡ ಅಕ್ಷರದಲ್ಲಿ ಬರೆದು ನನ್ನ ಕಡೆ ತಿರುಗಿಸಿದರು.

"ಜನ ಎಷ್ಟಿದ್ದರು?"

ಅವರ ದನಿಯಲ್ಲಿ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಅದು ಬರಲಿಲ್ಲ. ನನ್ನದೇ ದನಿ ಬಂತು, ಸ್ವಲ್ಪ ಕೀರಲಾಗಿ.

"ನಿಲ್ಲಲಿಕ್ಕೆ ಜಾಗ ಇರ್ಲಿಲ್ಲ ಸಂಜೀವಣ್ಣ," ಎಂದೆ.